ಅರ್ಧ ವೇಗ

ತಾಮ್ರದ ಹರಿವಾಣದ ನಡುವೆ ಕಾಫಿಯ ಜೆಜ್ವಾ ಇಟ್ಟು
ಸುತ್ತ ಮೂರು ಪುಟ್ಟ ಬಟ್ಟಲು ಒತ್ತಿ ನಿಲ್ಲಿಸಿ
ಹಿಲ್ಮಿಯಾ ಮೇಸ್ತ್ರಿ ಹೇಳಿದ:
ನೋಡು ಝುಮ್ರೆತಾ, ಇದೇ ನಿನ್ನ ತಲೆಯ ಮೇಲಿನ ಗೇರ್‌ಬಾಕ್ಸು.
ನಡುವಿನದನ್ನು ಒಂದು ಮೋಟಾರು ತಿರುಗಿಸುತ್ತದೆ,
ಹರಿವಾಣದ ಅಂಚನ್ನು ಇನ್ನೊಂದು.
ಬಟ್ಟಲುಗಳು ಎರಡರ ಮಾತೂ ಕೇಳಿಸಿಕೊಂಡು
ತಮ್ಮದೇ ಒಂದು ನಡೆ ನಡೆಯುತ್ತವೆ.
ಹಗ್ಗದ ಉರುಳೆ ಕಟ್ಟಿರುವುದು ಬಟ್ಟಲುಗಳಿಗೆ.

ಕ್ರೇನು ಹತ್ತಿದ ಮೊದಲ ವಾರ. ನನಗೊಂದೇ ಸಂಶಯ.
ಒಂದು ಮೋಟಾರು ನಿಮಿಷಕ್ಕೆ ಏಳುನೂರಿಪ್ಪತ್ತು ಸುತ್ತು,
ತುಜ್ಲಾದಲ್ಲಿ ಅಗ್ಗಕ್ಕೆ ಸುರುಳಿ ಸುತ್ತಿಸಿ ತಂದ ಇನ್ನೊಂದು
ಆರುನೂರೂ ದಾಟುವುದಿಲ್ಲ.
ಜಗಳ ಬೀಳುವುದಿಲ್ಲವೇ?

ಒಂದೇ ನೊಗಕ್ಕೆ ಕಟ್ಟಿದ್ದರೆ ಬೀಳುತ್ತಿದ್ದವು, ಅಂದ.
ಜೋರಿನದು ಎಳೆಯುತ್ತದೆ, ನಿಧಾನದ್ದು ಕಾಲೂರಿ ಹಟ ಹಿಡಿಯುತ್ತದೆ,
ಕೊನೆಗೆ ಯಾವುದಾದರೊಂದು ಸುಟ್ಟು ವಾಸನೆ ಬರುತ್ತದೆ.
ಇಲ್ಲಿ ನೊಗವಿಲ್ಲ, ಕೂಡುಲೆಕ್ಕ.
ಇದರಷ್ಟು ಇದು, ಅದರಷ್ಟು ಅದು.

ಒಂದು ನಿಂತೇಹೋದರೆ?

ಗೇರ್‌ಬಾಕ್ಸಿನಿಂದ ಒಂದು ಬಟ್ಟಲು ಎತ್ತಿ
ಮೇಸ್ತ್ರಿ ಕುಡಿದೇಬಿಟ್ಟ.
ನಿಂತದ್ದು ಗಟ್ಟಿಯಾಗಿ ನಿಂತರೆ ಅರ್ಧ ವೇಗ.
ಬ್ರೇಕು ಹಿಡಿಯದೆ ಸಡಿಲವಾಗಿ ನಿಂತರೆ
ದುಡಿಯುವುದರ ದುಡಿಮೆಯೆಲ್ಲ
ನಿಂತದ್ದನ್ನು ಹಿಂದಕ್ಕೆ ತಿರುಗಿಸಲಿಕ್ಕೇ ಖರ್ಚು.
ಹೊರೆ ಏಳುವುದಿಲ್ಲ, ಮಗಳೇ.
ಇಳಿಯುತ್ತದೆ.

ಸರಿಗೆ ಎಳೆಯುವ ವಿಭಾಗ ಮುಚ್ಚಿದ್ದು ಮಾರ್ಚಿನಲ್ಲಿ.
ಅಂದಿನಿಂದ ಸೆಯಾದ್ ಅಡುಗೆಮನೆಯ ಕಿಟಕಿಯಲ್ಲಿ.
ಬೋಸ್ನಾ ನದಿಯ ಆಚೆ ದಡದಲ್ಲಿ ಹೋಗುವ
ಕಲ್ಲಿದ್ದಲ ಡಬ್ಬಿಗಳನ್ನು ಎಣಿಸುತ್ತಾನೆ.
ಮೂವತ್ತೆಂಟು, ಅನ್ನುತ್ತಾನೆ. ನಿನ್ನೆ ನಲವತ್ತೊಂದಿತ್ತು.
ರೊಟ್ಟಿ ತರುವವಳು ನಾನು, ಬಿಲ್ಲು ಕಟ್ಟುವವಳು ನಾನು,
ಅವನ ತಾಯಿಗೆ ಫೋನಿನಲ್ಲಿ ಸುಳ್ಳು ಹೇಳುವವಳು ನಾನು.
ರಾತ್ರಿ ಪಾಳಿಯ ಬಸ್ಸಿನಲ್ಲಿ ಗಾಜಿಗೆ ಹಣೆ ಒತ್ತಿ
ಎಷ್ಟು ಸಲ ಕೇಳಿಕೊಂಡಿಲ್ಲ
ನಿಂತಿದ್ದಾನೋ, ಹಿಂದಕ್ಕೆ ತಿರುಗುತ್ತಿದ್ದಾನೋ.

ನವೆಂಬರಿನ ಒಂದು ರಾತ್ರಿ, ಎರಡೂ ಹತ್ತು.
ನೂರಹತ್ತು ಟನ್ನು ಕರಗಿದ ಉಕ್ಕಿನ ಕೊಪ್ಪರಿಗೆ
ಅಂತರದಲ್ಲಿ.
ಎಡಗಿವಿಯ ಸದ್ದು ಹೋಯಿತು.
ಕಿವಿಗಿಂತ ಮೊದಲು ಕುರ್ಚಿಗೆ ಗೊತ್ತಾಯಿತು,
ಕುರ್ಚಿಗಿಂತ ಮೊದಲು ಹೊಟ್ಟೆಗೆ.
ಕೆಳಗೆ ಎಲ್ವೆದಿನ್ ಎತ್ತಿದ ಕೈ ಎತ್ತಿದಂತೆಯೇ ಇತ್ತು.
ಬೆಕ್ಕಿನ ಮರಿಯಷ್ಟು, ಅಷ್ಟೇ, ಕೊಪ್ಪರಿಗೆ ಜಗ್ಗಿತು.
ಆಮೇಲೆ ಮೇಲೆಲ್ಲೋ
ಬ್ರೇಕು ಕಚ್ಚಿದ ಸದ್ದು.

ಉಳಿದದ್ದೊಂದೇ ಎತ್ತಿತು. ಆ ತುಜ್ಲಾದ್ದು. ನಿಧಾನದ್ದು.
ಐದು ನಿಮಿಷದ ಏರಿಕೆಗೆ ಹದಿಮೂರು ನಿಮಿಷ.
ಎಲ್ಲರೂ ಏರುತ್ತಿದ್ದ ಕೆಂಪನ್ನು ನೋಡಿದರು.
ನಾನು ನೋಡಿದ್ದು
ಹಲಗೆಯ ಮೇಲೆ ಅಲ್ಲಾಡದೆ ಉರಿಯುತ್ತಿದ್ದ
ಬ್ರೇಕಿನ ಹಸಿರು ದೀಪ.
ಅದಕ್ಕೆ ಏನೇನೋ ಹೇಳಿದೆ. ಅಜ್ಜಿ ಕಲಿಸಿದ ಪ್ರಾರ್ಥನೆ,
ಅರ್ಧಕ್ಕೆ ಮರೆತಾಗ ಬೈಗುಳ.

ಬೆಳಗಿನ ಜಾವ ಮೇಸ್ತ್ರಿ ಏಣಿ ಹತ್ತಿ ಬಂದ, ಏದುಸಿರು ಬಿಡುತ್ತ.
ಭೇಷ್ ಅನ್ನಲಿಲ್ಲ.
ಬ್ರೇಕಿನ ಡೋಲು ಮುಟ್ಟಿದ, ಕೈ ಕಿತ್ತುಕೊಂಡ,
ಬೆರಳಿಗೆ ಉಫ್ ಎಂದು ಊದಿಕೊಂಡ.
ಪಟ್ಟಿ ಸವೆದಿದೆ, ಬದಲಿಸಬೇಕು,
ಅಂದು ಇಳಿದುಹೋದ.

ನಮ್ಮ ಕಟ್ಟಡದ ಲಿಫ್ಟು ಕೆಟ್ಟು ವರ್ಷವಾಯಿತು.
ಮೂರನೆಯ ಮಹಡಿಯಾಚೆ ಮೆಟ್ಟಿಲಿಗೆ ದೀಪವಿಲ್ಲ.
ಮೇಲೆ, ಬಾಗಿಲ ಹೊರಗೆ
ಸೆಯಾದ್ ಟಾರ್ಚು ಹಿಡಿದು ನಿಂತಿದ್ದ, ಚಪ್ಪಲಿಯಲ್ಲೇ.
ಇಳಿದು ಬರಲಿಲ್ಲ. ಕರೆಯಲಿಲ್ಲ.
ಬೆಳಕು ಮಾತ್ರ ನನ್ನ ಪಾದಕ್ಕೊಂದು ಮೆಟ್ಟಿಲು ಮುಂದೆ,
ಮತ್ತೊಂದು ಮೆಟ್ಟಿಲು ಮುಂದೆ.

ಎಷ್ಟು ಹೊತ್ತಾಯಿತು ನಿಂತು ಎಂದು ಕೇಳಲಿಲ್ಲ.
ಟಾರ್ಚು ಮುಟ್ಟಿ ನೋಡಿದೆ, ಮೇಸ್ತ್ರಿಯ ಹಾಗೆ.
ಬಿಸಿಯಾಗಿತ್ತು.
ಸೆಲ್ಲು ಬದಲಿಸಬೇಕು,
ಅಂದೆ.